ಮಾವನ ಕಾರಿಗೆ ಉಸಿರು ಕಟ್ಟಿದ ತಿಂಗಳು

ನೆನೆಸಿದ ಗೋಣಿತಾಟು ಕಟ್ಟಿದರೆ ಕಾರು ದಿಣ್ಣೆ ಹತ್ತುತ್ತದೆ ಎಂದು ನಂಬಿದ ಮನುಷ್ಯರೊಬ್ಬರು ನಮ್ಮ ಮನೆಯಲ್ಲೇ ಇದ್ದರು. ನನ್ನ ಸೋದರಮಾವ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುತ್ತಿದ್ದ ಕಾಲ. ಮಾವ ಮರಳೂರಿನ ನಮ್ಮ ಮನೆಯ ಮಹಡಿಯಲ್ಲಿದ್ದರು. ಅವರ ಹತ್ತಿರ ಎಂಟು ಜನ ಕೂರುವಂಥ ಸೆಕೆಂಡ್‌ಹ್ಯಾಂಡ್ ಟರ್ಬೊ ಡೀಸೆಲ್ ಕಾರೊಂದಿತ್ತು. ಬೆಳಿಗ್ಗೆ ಆರು ಜನ ಟೀಚರುಗಳನ್ನು ಕುಣಿಗಲ್ ಆಚೆಯ ಹಳ್ಳಿ ಶಾಲೆಗೆ ಬಿಟ್ಟು, ಸಂಜೆ ಮತ್ತೆ ಕರೆತರುವುದೇ ಅವರ ಕೆಲಸ. ಬೇರೆ ಕೆಲಸ ಇರಲಿಲ್ಲ, ಹುಡುಕುವ ವಯಸ್ಸೂ ದಾಟಿತ್ತು.

ಆ ವರ್ಷ ಚಳಿ ಶುರುವಾದ ಮೇಲೆ ಕಾರು ದಿಣ್ಣೆಗಳಲ್ಲಿ ಏದುಸಿರು ಬಿಡತೊಡಗಿತು. ಹಿಂದೆ ಕಪ್ಪು ಹೊಗೆ, ಮುಂದೆ ಬಲವಿಲ್ಲ. ಗುಬ್ಬಿಯಲ್ಲಿದ್ದ ಅವರ ಹಳೇ ಮೆಕ್ಯಾನಿಕ್ ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, "ಟರ್ಬೊ ಹೋಗೈತೆ, ಹೊಸದು ಹಾಕ್ಸು" ಎಂದು ಮುಚ್ಚಿಬಿಟ್ಟಿದ್ದ. ಹೊಸದು ಹಾಕಿಸುವ ಸ್ಥಿತಿಯಲ್ಲಿ ಮಾವ ಇರಲಿಲ್ಲ. ಒಂದೇ ವಾರದಲ್ಲಿ ಎರಡು ಸಲ ಪ್ರಾರ್ಥನೆ ಮುಗಿದ ಮೇಲೆ ಶಾಲೆ ತಲುಪಿದರು. ಶುಕ್ರವಾರ ಸಂಜೆ ಇಳಿಯುವಾಗ ಹಿರಿಯ ಮೇಡಂ ಮೆಲ್ಲಗೆ ಹೇಳಿದರಂತೆ: "ನಿಮ್ಮ ಮೇಲೆ ನಮಗೆ ಬೇಜಾರಿಲ್ಲ. ಆದ್ರೆ ಹಾಜರಿ ಪುಸ್ತಕಕ್ಕೆ ನಿಮ್ಮ ಒಳ್ಳೇತನ ಗೊತ್ತಾಗಲ್ಲ. ಸೋಮವಾರದವರ್ಗೂ ನೋಡ್ತೀವಿ. ಆಮೇಲೆ ಬೇರೆ ಗಾಡಿ."

ಅದೇ ಸಂಜೆ ಮಾವ ಗೋಣಿತಾಟು ನೆನೆಸಿದ್ದು. ಟೀ ಅಂಗಡಿಯಲ್ಲಿ ಯಾರೋ ಲಾರಿ ಡ್ರೈವರು ಇಂಟರ್‌ಕೂಲರ್ ತಣ್ಣಗಿರಬೇಕು ಎಂದಿದ್ದನಂತೆ. ಮಾತು ತಪ್ಪಲ್ಲ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ನೂಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಕಸುವಿಲ್ಲ. ಅದನ್ನು ತಣಿಸಲೆಂದೇ ರೇಡಿಯೇಟರಿನ ಮುಂದೆ, ಅದರ ತಮ್ಮನ ಹಾಗೆ, ಅಲ್ಯೂಮಿನಿಯಂ ಪಟ್ಟಿಗಳ ಈ ಪೆಟ್ಟಿಗೆ ಕೂತಿರುತ್ತದೆ. ಮಾವ ಅದರ ಮೂತಿಗೇ ಗೋಣಿತಾಟು ಬಿಗಿಯುತ್ತಿದ್ದರು.

"ಮಡಕೆಗೆ ಹಸಿ ಬಟ್ಟೆ ಸುತ್ತಲ್ವಾ, ಹಂಗೆ ಕಣಮ್ಮ. ನೀರು ತಣ್ಣಗಾಗುತ್ತೆ ಅಂದ್ರೆ ಗಾಳಿ ಆಗಲ್ವಾ?"

"ಮಡಕೆ ಒಳಗೆ ಗಾಳಿ ನುಗ್ಗಬೇಕಾಗಿಲ್ಲ ಮಾವ, ಇದರೊಳಗೆ ನುಗ್ಗಬೇಕು. ನೀವು ಮೂಗಿಗೆ ಒದ್ದೆ ಟವಲ್ ಕಟ್ಕೊಂಡು ಮಹಡಿ ಮೆಟ್ಲು ಹತ್ತಿ, ನೋಡಣ."

"ಸರಿ ಲಾಯರಮ್ಮ. ನೀನೇ ಹೇಳು ಮತ್ತೆ."

"ಏಪ್ರಿಲ್‌ನಲ್ಲಿ ಗಾಡಿ ಹೆಂಗಿತ್ತು?"

"ಕುದುರೆ ಇದ್ದಂಗಿತ್ತು."

"ಏಪ್ರಿಲ್ ಬಿಸಿಲಲ್ಲಿ ಸರಿಯಿದ್ದಿದ್ದು ಡಿಸೆಂಬರ್ ಚಳೀಲಿ ಕಾಯ್ತಾ ಇದೆ ಅಂದ್ರೆ ಮಧ್ಯ ಏನೋ ಬದಲಾಗಿರ್ಬೇಕು. ಏನು?"

"ಏನೂ ಇಲ್ಲ. ಅದೇ ಗಾಡಿ, ಅದೇ ರೋಡು, ಅದೇ ಮೇಡಂಗಳು."

ಉತ್ತರ ನನಗೂ ಗೊತ್ತಿರಲಿಲ್ಲ. ಪ್ರಶ್ನೆ ಹಾಕಿದ ಮಾತ್ರಕ್ಕೆ ಗೆದ್ದೆವು ಎಂದುಕೊಳ್ಳುವುದು ಚರ್ಚೆ ಮಾಡುವವರ ಕಾಯಿಲೆ. ಮಾವ ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುವುದು ನೋಡಿ, ಆ ಸಲ ಗೆದ್ದೆ ಅನ್ನಿಸಲಿಲ್ಲ. ಗೋಣಿತಾಟು ಬಿಚ್ಚಿಸಿದೆ. ಶನಿವಾರ ಕಾಲೇಜಿಗೆ ಚಕ್ಕರ್ ಹೊಡೆದು ಕಾರು ಹತ್ತಿದೆ.

ಕುಣಿಗಲ್ ಇನ್ನೂ ದೂರವಿರುವಾಗಲೇ ರಸ್ತೆ ಮೇಲೆ ಹುರುಳಿ ಹರಡಿತ್ತು. ಒಣಗಿದ ಬಳ್ಳಿಯನ್ನು ಟಾರಿನ ಮೇಲೆ ಹಾಸಿಬಿಟ್ಟರೆ, ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಒಂದು ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನಮ್ಮ ಮುಂದಿದ್ದ ಎರಡು ಕಾರುಗಳು ಆ ಅಂಚು ಹಿಡಿದವು. ಮಾವ ಗೇರ್ ಇಳಿಸಿ, ಹುರುಳಿಯ ನಡುಮಧ್ಯೆಯೇ ನಿಧಾನಕ್ಕೆ ಸಾಗಿದರು. ಕಾರಿನ ಹೊಟ್ಟೆಯ ಕೆಳಗೆಲ್ಲ ಚರಚರ ಸದ್ದು. ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಕೈ ಎತ್ತಿದಳು, ಮಾವನೂ ಎತ್ತಿದರು. ಹಿಂದೆ ಕೂತ ಮೇಡಂಗಳು ವಾಚು ನೋಡಿಕೊಂಡರು. ಮುಂದೆ ಇನ್ನೂ ಎರಡು ಕಡೆ ಹೀಗೇ ಆಯಿತು. ಶಾಲೆ ಮುಟ್ಟಿದಾಗ ಪ್ರಾರ್ಥನೆ ಅರ್ಧ ಮುಗಿದಿತ್ತು. ಹಿರಿಯ ಮೇಡಂ ಇಳಿದು ನೇರ ಹಾಜರಿ ಪುಸ್ತಕದ ಕಡೆ ನಡೆದರು.

"ದಿನಾ ಹಿಂಗೇನಾ ಮಾವ?" ವಾಪಸು ಬರುವಾಗ ಕೇಳಿದೆ.

"ಮತ್ತೆ? ಏಳು ಜನ ಕೂತಿರೋ ಗಾಡಿ. ಭಾರ ಇದ್ರೆ ತಾನೆ ಕಾಯಿ ಒಡೆಯೋದು. ಆಯಮ್ಮ ನಮ್ಮ ಗಾಡೀನೇ ಕಾಯ್ತಿರ್ತಾಳೆ."

"ಏಪ್ರಿಲ್‌ನಲ್ಲೂ ಕಾಯ್ತಿದ್ಲಾ?"

"ಏಪ್ರಿಲ್‌ನಲ್ಲಿ ಯಾವ ಹುರುಳಿ..." ಎಂದವರು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು.

ಭಾನುವಾರ ಮನೆ ಮುಂದೆ ಕಾರಿನ ಮೂತಿ ಬಿಚ್ಚಿದೆವು. ಇಂಟರ್‌ಕೂಲರಿನ ಮುಂಭಾಗ ಫಳಫಳ ಎನ್ನುತ್ತಿತ್ತು. ಮಾವ ದಿನಾ ಸಂಜೆ ಅದಕ್ಕೆ ನೀರು ಹೊಡೆದು ತೊಳೆಯುತ್ತಿದ್ದರು. ಬೋಲ್ಟು ಸಡಿಲಿಸಿ, ಪೈಪು ಕಳಚಿ ಅದನ್ನು ಮುಂದಕ್ಕೆ ಎಳೆದಾಗ ಕಂಡಿತು. ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹುರುಳಿ ಹೊಟ್ಟು, ದಿಂಬಿಗೆ ಅರಳೆ ತುರುಕಿದ ಹಾಗೆ. ಕೆಳಗಿನಿಂದ ಹಾರಿ ಸೇರಿದ್ದು. ದಿನಾ ಸುರಿದ ನೀರಿಗೆ ತಳದಲ್ಲಿ ಕೊಳೆತು ಅಂಟಾಗಿತ್ತು. ಗಾಳಿಗೆ ದಾರಿಯೇ ಇರಲಿಲ್ಲ.

ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಕುದುರೆಯಂಥ ಗಾಡಿ ಕಣಮ್ಮ. ನಾನೇ ಅದರ ಮೂಗು ಮುಚ್ಚಿದ್ನಲ್ಲ."

ಒಳಕ್ಕೆ ನೀರು ಹೋಗದಂತೆ ಇಂಟರ್‌ಕೂಲರಿನ ಬಾಯಿಗಳಿಗೆ ಪ್ಲಾಸ್ಟಿಕ್ ಕವರು ಬಿಗಿದು, ಹಿಂದಿನಿಂದ ಮುಂದಕ್ಕೆ ಮೆತ್ತಗೆ ನೀರಿನ ಪೈಪು ಹಿಡಿದೆವು. ಬಾಗಿದ ಪಟ್ಟಿಗಳನ್ನು ನನ್ನ ಹೇರ್‌ಪಿನ್ನಿನಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದು, "ಏನು, ಕಾರಿಗೆ ಹೇನು ತೆಗೀತಿದ್ದೀರಾ?" ಎಂದಳು. ಗಾಳಿ ಪಕ್ಕಕ್ಕೆ ಜಾರಿ ಹೋಗದ ಹಾಗೆ ಸುತ್ತಲಿನ ಅಂಚಿನ ಸಂದಿಗಳಿಗೆ ಹಳೇ ಸೋಫಾದ ಸ್ಪಂಜು ತುಂಡು ಮಾಡಿ ತುಂಬಿದೆವು.

"ಇನ್ಮೇಲೆ ಹುರುಳಿ ಮೇಲೆ ಹೋಗ್ಬಾರ್ದು. ಅಷ್ಟೇ" ಎಂದೆ.

"ಆಯಮ್ಮಂಗೆ ಏನು ಹೇಳ್ಲಿ? ಎಲ್ರೂ ಪಕ್ಕಕ್ಕೆ ಹೋಗ್ತಾರೆ, ನೋಡಿದ್ಯಲ್ಲ."

"ನೋಡಿದೆ. ಅವರ್ಯಾರ್ಗೂ ಲೇಟಾಗಲ್ಲ."

ಮಾವ ಆ ಕಡೆ ತಿರುಗಿ ಇನ್ನೊಂದು ತುಂಡು ಸ್ಪಂಜು ತೆಗೆದುಕೊಂಡರು. ಮರುಮಾತಿಲ್ಲದ ವಾದ ಸರಿಯಾದ ವಾದ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದರು. ಸ್ಪಂಜು ತುರುಕುತ್ತಾ ಕೂತಿದ್ದ ಆ ಬೆನ್ನನ್ನು ನೋಡುವಾಗ ಆ ಪಾಠದ ಮೇಲೆ ಮೊದಲ ಸಲ ಅನುಮಾನ ಬಂತು.

ಸೋಮವಾರವೂ ಜೊತೆಗೆ ಹೋದೆ. ಎರಡನೇ ಗೇರಿನಲ್ಲಿ ಅಳುತ್ತಾ ಹತ್ತುತ್ತಿದ್ದ ದಿಣ್ಣೆಯನ್ನು ಕಾರು ಮೂರನೆಯದರಲ್ಲೇ ಹತ್ತಿತು. ಮಾವನ ಕೈ ಗೇರಿನ ಮೇಲೇ ಇತ್ತು, ನಂಬಿಕೆ ಬರದವರ ಹಾಗೆ. ಹುರುಳಿ ಬಂದಾಗ ಅಂಚು ಹಿಡಿದರು. ಮುದುಕಿಯ ಕಡೆ ತಿರುಗಲಿಲ್ಲ. ಶಾಲೆಯ ಗೇಟಿಗೆ ಇನ್ನೂ ಬೀಗ.

ಹಿರಿಯ ಮೇಡಂ ಇಳಿದು ಸೆರಗು ಸರಿಮಾಡಿಕೊಂಡರು. "ನಾಳೆ ಐದು ನಿಮಿಷ ತಡವಾಗೇ ಬನ್ನಿ. ಇಷ್ಟು ಬೇಗ ಬಂದ್ರೆ ಬೀದೀಲಿ ನಿಂತ್ಕೋಬೇಕು."

ನಾಳೆ ಎಂದರು. ಮಾವ ಅದಕ್ಕೆ ತಲೆಯಾಡಿಸಿದ್ದು ಮೇಡಂ ಗೇಟಿನ ಕಡೆ ತಿರುಗಿದ ಮೇಲೆ.

ವಾಪಸು ಬರುವಾಗ ಮುದುಕಿ ರಸ್ತೆಗೇ ಅಡ್ಡ ನಿಂತಿದ್ದಳು.

"ಏನ್ಲಾ, ಬೆಳಿಗ್ಗೆ ಮೂತಿ ತಿರುಗಿಸ್ಕಂಡು ಹೋದೆ? ಮುನಿಸಾ?"

"ನಿನ್ನ ಹುರುಳಿ ಹೊಟ್ಟು ಗಾಡಿ ಮೂಗಿಗೆ ಕಟ್ಕಂಡಿತ್ತು ಕಣವ್ವ. ಮೇಡಂಗಳಿಗೆ ಲೇಟಾಗ್ತಿತ್ತು."

"ಅದನ್ನ ಬಾಯಿ ಬುಟ್ಟು ಹೇಳಕ್ಕೇನು? ಬುಡು, ಹೋಗು."

ಮಾವ ಹೋಗಲಿಲ್ಲ. "ಈಗ ಖಾಲಿ ಗಾಡಿ. ಭಾರ ಇಲ್ಲ, ನಾಕು ಸಲ ಓಡಾಡ್ತೀನಿ" ಎಂದರು. ಹುರುಳಿ ದಾಟಿ ಮುಂದೆ ಹೋಗಿ ನಿಲ್ಲಿಸಿ, ರಿವರ್ಸ್ ಗೇರು ಹಾಕಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಾ ಬಳ್ಳಿಯ ಮೇಲೆ ಬರತೊಡಗಿದರು. "ಹಿಂದಕ್ಕೆ ಬಂದ್ರೆ ಮೂತಿಗೆ ಹೊಟ್ಟು ಬಡಿಯಲ್ಲ ಅಲ್ವೇನಮ್ಮ?"

ರೇಡಿಯೇಟರಿನ ಫ್ಯಾನು ಹೇಗೂ ಹೊಟ್ಟು ಎಳೆದುಕೊಳ್ಳುತ್ತದೆ, ಹಿಂದಾದರೇನು ಮುಂದಾದರೇನು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಭಾನುವಾರ ಮತ್ತೆ ಬಿಚ್ಚಿ ತೊಳೆದರಾಯಿತು ಎಂದುಕೊಂಡು, ಕೆಳಗಿಳಿದು ಬಳ್ಳಿ ತಿರುವಿ ಹಾಕಲು ಮುದುಕಿಯ ಜೊತೆ ಕೈ ಜೋಡಿಸಿದೆ.