ತಳ್ಳಿದೋರಿಗೆ ಸವಾರಿ

ತಾತನ ಅಂಬಾಸಿಡರ್ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿಬಿಟ್ಟರೆ ನಮಗೆ ಅಳು ಬರುತ್ತಿದ್ದ ಕಾಲ ಅದು. ದೇವರಾಯಸಮುದ್ರದ ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಚಿಕ್ಕಪ್ಪನಿಗಿಂತ ಅದಕ್ಕೆ ವಯಸ್ಸು ಹೆಚ್ಚು ಎಂದು ಅಜ್ಜಿ ಹೇಳುತ್ತಿದ್ದರು. ತನಗಿಂತ ಅದರ ಮೇಲೇ ತನ್ನಪ್ಪನಿಗೆ ಪ್ರೀತಿ ಹೆಚ್ಚು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಎರಡೂ ನಿಜವೇ ಇರಬೇಕು.

ಮುಳಬಾಗಿಲಿನಲ್ಲಿ ತಾತನಿಗೆ ಬಿತ್ತನೆ ಬೀಜದ ಅಂಗಡಿಯಿತ್ತು. ಬೆಳಗ್ಗೆ ತಿಂಡಿ ಮುಗಿಸಿ, ಕಾರಿನೊಳಗಿನ ಪುಟ್ಟ ಗಣೇಶನಿಗೆ ಊದುಬತ್ತಿ ಹಚ್ಚಿ ಬೀಗದ ಕೈ ತಿರುಗಿಸುವರು. ಕಾರು ಒಂದಷ್ಟು ಕೆಮ್ಮಿ ಸುಮ್ಮನಾಗುವುದು. ಮನೆಯಲ್ಲಿ ಅಚ್ಚ ಕನ್ನಡ ಆಡುವ ತಾತನಿಗೆ ಕಾರು ಮುಷ್ಕರ ಹೂಡಿದ ಕೂಡಲೇ ತೆಲುಗು ಬರುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿ "ತೋಯಂಡ್ರಾ" ಎಂದು ಕೂಗುವರು. ತಳ್ಳಿರೋ ಎಂದು ಕರೆಯುವುದು ಹಾಗೆ. ಅಷ್ಟೊತ್ತಿಗಾಗಲೇ ಗೋಲಿ, ಕುಂಟೆಬಿಲ್ಲೆ ಎಲ್ಲ ಬಿಟ್ಟು ನಾವು ಕಾರಿನ ಹಿಂದೆ ನಿಂತಿರುತ್ತಿದ್ದೆವು. ಡಿಕ್ಕಿಯ ಮೇಲೆ ಅಂಗೈ ಇಡಲು ಜಾಗಕ್ಕೇ ಜಗಳ.

"ತಳ್ಳಿದೋರಿಗೆ ಸವಾರಿ, ಮಿಕ್ಕೋರಿಗೆ ಧೂಳು." ಇದು ತಾತ ಮಾಡಿದ ಕಾನೂನು. ಇಂಜಿನ್ ಹತ್ತಿಕೊಂಡರೆ ತಳ್ಳಿದವರನ್ನೆಲ್ಲ ತುಂಬಿಕೊಂಡು ಕೆರೆ ಏರಿಯ ಕೊನೆಯ ಅರಳಿಮರದವರೆಗೆ ಬಿಡುವರು. ಕಾದ ರೆಕ್ಸಿನ್ ಸೀಟು, ಪೆಟ್ರೋಲು, ಊದುಬತ್ತಿ, ಜೊತೆಗೆ ನಮ್ಮ ಕೈಯ ಮಾವಿನಕಾಯಿ ಉಪ್ಪುಖಾರ, ಎಲ್ಲ ಕಲೆತ ಆ ವಾಸನೆ ನನಗೆ ಇವತ್ತೂ ಇಷ್ಟ. ತಳ್ಳದವರು ಎಷ್ಟೇ ಗೋಗರೆದರೂ ಹತ್ತುವಂತಿಲ್ಲ. ಒಮ್ಮೆ ನನಗೆ ಜ್ವರ ಬಂದು ಜಗುಲಿಯ ಮೇಲೇ ಕೂತಿದ್ದಾಗ, ಸ್ವಂತ ಮೊಮ್ಮಗಳಾದರೂ ನನಗೆ ಸಿಕ್ಕಿದ್ದು ಧೂಳೇ.

ಮಾವಿನ ಕಾಲದಲ್ಲಿ ಒಂದು ಸಂಜೆ ಚಿಕ್ಕಪ್ಪ ಕೋಲಾರದಿಂದ ಹಾರಿಕೊಂಡೇ ಬಂದರು. ಅಲ್ಲೊಂದು ಗ್ಯಾರೇಜಿನಲ್ಲಿ ವ್ಯಾನಿನಿಂದ ಕಳಚಿಟ್ಟ ಡೀಸೆಲ್ ಇಂಜಿನ್ ಇದೆಯಂತೆ. ನಮ್ಮ ಕಾರಿನದಕ್ಕಿಂತ ದೊಡ್ಡದು, ಗಟ್ಟಿಮುಟ್ಟಾಗಿದೆ. ಅದನ್ನು ಕೂರಿಸಿದರೆ ಮಾವಿನ ಕ್ರೇಟು ಹೇರಿಕೊಂಡು ಶ್ರೀನಿವಾಸಪುರದ ಮಂಡಿಗೆ ಒಂದೇ ಉಸಿರಿಗೆ ಹೋಗಿಬರಬಹುದು. ಟೇಕಲ್ಲಿನ ಅತ್ತೆ ಮನೆಗೆ ಹೋಗುವಾಗ ಏರಿನಲ್ಲಿ ಎಲ್ಲರೂ ಇಳಿದು ನಡೆಯಬೇಕಿಲ್ಲ. ಚಿಕ್ಕಪ್ಪ ಹೇಳುತ್ತ ಹೋದಂತೆ ನಮ್ಮ ಎದೆಯಲ್ಲೇ ಇಂಜಿನ್ ಓಡತೊಡಗಿತು.

ತಾತ ಮಾತ್ರ ಅಷ್ಟು ಭಾರವನ್ನು ಮುಂದಿನ ಸ್ಪ್ರಿಂಗು ತಡೆಯುತ್ತದೆಯೇ ಎಂದು ಕೇಳಿದರು. ಡೀಸೆಲ್ ವಾಸನೆಗೆ ತನಗೆ ವಾಂತಿಯಾಗುತ್ತದೆ ಎಂದು ಅಜ್ಜಿ ತಕರಾರು ತೆಗೆದರು. ಮಾರನೆಯ ದಿನ ಮೆಕ್ಯಾನಿಕ್ ಖಾದರಣ್ಣ ಬಂದು, ಬಾನೆಟ್ ಎತ್ತಿ, ದಾರ ಹಿಡಿದು ಅಳತೆ ತೆಗೆದರು. ಕೂರುತ್ತದೆ, ಆದರೆ ಒಳಗೆ ಕೊಯ್ದು ಬೆಸುಗೆ ಹಾಕಬೇಕು ಎಂದರು. "ಒಂದ್ಸಲ ಕೊಯ್ದ್ರೆ ಹಳೇ ಇಂಜಿನ್ ವಾಪಸ್ ಕೂರಲ್ಲ ಯಜಮಾನ್ರೇ. ಯೋಚ್ನೆ ಮಾಡಿ ಹೇಳಿ."

ಆಗ ತಾತ ಯಾರೂ ಎಣಿಸದ ಕೆಲಸ ಮಾಡಿದರು. ದೊಡ್ಡವರನ್ನೆಲ್ಲ ಬಿಟ್ಟು ನಮ್ಮ ಕಡೆ ತಿರುಗಿ, "ದಿನಾ ತಳ್ಳೋರು ನೀವು. ನಿಮ್ಮನ್ನ ಕೇಳ್ದೆ ಹೆಂಗೆ?" ಎಂದರು. ಬೀದಿಯ ಮಕ್ಕಳೆಲ್ಲ ನಮ್ಮ ಜಗುಲಿಯ ಮೇಲೆ ಪಂಚಾಯಿತಿ ಸೇರಿದೆವು. ಅಜ್ಜಿ ಪುರಿ ಕಡಲೆ ಹಂಚಿದರು. ಚಿಕ್ಕಪ್ಪ ನಮ್ಮ ಮಧ್ಯೆ ಕೂತು ವೋಟು ಕೇಳುವವರ ಹಾಗೆ ಮಾತಾಡಿದರು: ಬಸ್ಸನ್ನೇ ಹಿಂದೆ ಹಾಕಬಹುದು ಕಣ್ರೋ, ಕಿಟಕಿಯಿಂದ ಕೈ ಆಚೆ ಇಟ್ಟರೆ ಗಾಳಿ ಕಿತ್ತುಕೊಂಡು ಹೋಗುತ್ತೆ. ಇನ್ನೇನು ಬೇಕು ನಮಗೆ! ದೊಡ್ಡ ಇಂಜಿನ್, ದೊಡ್ಡ ಇಂಜಿನ್ ಎಂದು ಕೂಗಿ ಸೂರು ಹಾರಿಸಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನು.

ಎದುರು ಮನೆಯ ನಾಗವೇಣಿಯೊಬ್ಬಳು ಕೂಗಲಿಲ್ಲ. ಕಡಲೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು: "ಅವಾಗ ತಳ್ಳೋದ್ಯಾರು?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಲೇ ಪೆದ್ದಿ, ತಳ್ಳೋದೇ ಬೇಕಾಗಲ್ಲ ಕಣೇ" ಎಂದೆ. ತಾತ ನಗಲಿಲ್ಲ. ಅವಳನ್ನೇ ನೋಡಿ, "ಸರಿಯಪ್ಪ, ಹಂಗಾದ್ರೆ ಹಾಕ್ಸೋಣ" ಎಂದು ಎದ್ದುಹೋದರು.

ಕಾರು ಕೋಲಾರದಲ್ಲಿದ್ದಷ್ಟು ದಿನ ನಮಗೆ ಊಟ ಸೇರಲಿಲ್ಲ. ಬಾಯಲ್ಲಿ ಗುರ್ ಗುರ್ ಎನ್ನುತ್ತ ಬೀದಿಯಲ್ಲಿ ಓಡುವುದೇ ಕೆಲಸ. ಕೊನೆಗೊಂದು ಸಂಜೆ ಏರಿಯ ಮೇಲೆ ಗುಡುಗಿನಂಥ ಸದ್ದು ಕೇಳಿಸಿತು. ಬಂತು ಬಂತು ಎಂದು ಊರೇ ಹೊರಗೆ ಬಂತು. ಚಿಕ್ಕಪ್ಪ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರೂ ನೋಡುತ್ತಿದ್ದಂತೆ ಮತ್ತೆ ಬೀಗದ ಕೈ ತಿರುಗಿಸಿದರು. ಒಂದೇ ಸಲಕ್ಕೆ ಢರ್ ಎಂದು ಎದ್ದಿತು. ನಾವು ಚಪ್ಪಾಳೆ ತಟ್ಟಿ ಕುಣಿದೆವು. ಅವತ್ತು ಎಲ್ಲರಿಗೂ ಸವಾರಿ. ಒಬ್ಬರ ತೊಡೆಯ ಮೇಲೊಬ್ಬರು ಕೂತು ಅರಳಿಮರ ದಾಟಿ ಹೆದ್ದಾರಿಗೇ ಹೋದೆವು, ನಿಜಕ್ಕೂ ಒಂದು ಬಸ್ಸನ್ನು ಹಿಂದೆ ಹಾಕಿದೆವು. ಕೆರೆಯ ನೀರು, ಹುಣಸೆಮರ, ಎಮ್ಮೆ ಎಲ್ಲ ಹಿಂದಕ್ಕೆ ಓಡಿದವು. ಜೀವನದಲ್ಲಿ ನನಗೆ ಅಷ್ಟು ಖುಷಿಯಾದ ಸಂಜೆ ಇನ್ನೊಂದು ನೆನಪಿಲ್ಲ.

ಮರುದಿನ ಬೆಳಗ್ಗೆ ಅಭ್ಯಾಸಬಲದಿಂದ ಕಾರಿನ ಹಿಂದೆ ಹೋಗಿ ನಿಂತೆವು. ತಾತ ಊದುಬತ್ತಿ ಹಚ್ಚಿದರು. ಢರ್ ಎಂದಿತು. ಡಿಕ್ಕಿಯ ಮೇಲಿದ್ದ ನಮ್ಮ ಅಂಗೈಗಳೆಲ್ಲ ನಡುಗಿದವು. ತಾತ ಹೊರಡದೆ, ಹಿಂಬಾಗಿಲು ತೆಗೆದು ಹತ್ತಿಕೊಳ್ಳಿ ಎಂದರು. ನಮಗೆ ಕಾಲೇ ಬರಲಿಲ್ಲ.

"ನಾವು ತಳ್ಳಿಲ್ವಲ್ಲ ತಾತ" ಎಂದಳು ನಾಗವೇಣಿ.

ಕಾನೂನು ಮಾಡಿದವರೇ ಅದನ್ನು ಮುರಿಯುವಂತಿರಲಿಲ್ಲ. ತಾತ ಬಾಗಿಲು ಹಾಕಿ ನಿಧಾನಕ್ಕೆ ಹೊರಟರು. ನಾವು ಧೂಳಿನಲ್ಲಿ ನಿಂತೆವು. ದಿನಾ ಬೆಳಗ್ಗೆ ಜೊತೆಗೂಡುತ್ತಿದ್ದ ಹುಡುಗರು ಆಮೇಲೆ ಒಬ್ಬೊಬ್ಬರಾಗಿ ಅವರವರ ಮನೆ ಮುಂದೆಯೇ ಆಡತೊಡಗಿದರು. ಹಳೆಯ ಇಂಜಿನ್ ಕೊಟ್ಟಿಗೆ ಸೇರಿತು. ಅದರ ಮೇಲೆ ಕೋಳಿ ಕಾವಿಗೆ ಕೂರುತ್ತಿತ್ತು.

ತಾತ ಈಗಿಲ್ಲ. ಕಾರು ಚಿಕ್ಕಪ್ಪನ ಮಗನ ಬಳಿ ಇದೆ. ನಾನು ಕೋಲಾರದಲ್ಲಿದ್ದೇನೆ, ನನ್ನ ಕಾರು ಗುಂಡಿ ಒತ್ತಿದರೆ ಹೊರಡುತ್ತದೆ, ಅದು ಹೊರಟದ್ದು ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ. ಮೊನ್ನೆ ಅವನೇ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದ: ತಾತನ ಕಾರಿಗೆ ಇನ್ನೂ ದೊಡ್ಡ ಹೊಸ ಇಂಜಿನ್ ಸಿಕ್ಕಿದೆ, ಹಾಕಿಸಲೇ? ಟಪಟಪನೆ ಹೆಬ್ಬೆಟ್ಟುಗಳು ಬಂದು ಬಿದ್ದವು. ನಾನು ತುಂಬಾ ಹೊತ್ತು ಯೋಚಿಸಿ, "ಅವಾಗ ತಳ್ಳೋದ್ಯಾರು?" ಎಂದು ಬರೆದೆ.

ಎಲ್ಲರೂ ನಗುವ ಮುಖ ಕಳಿಸಿದರು.