ಹುಂಜಣ್ಣನ ತಪ್ಪು ಕೂಗು

ನಮ್ಮ ಭಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಅಕ್ಕನಿಗೂ ಸಂಬಳ ಕೊಡುವ ಗುಮಾಸ್ತನಿಗೂ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಊರಿಗೆಲ್ಲ ಅವರು ಹುಂಜಣ್ಣ. ಬಟ್ಟೆ ಗಿರಣಿಯ ಬಾಯ್ಲರ್ ಮನೆಯಲ್ಲಿ ಚಾವಣಿಯಿಂದ ಒಂದು ಸರಪಳಿ ಇಳಿಬಿದ್ದಿತ್ತು. ಅದನ್ನು ಎಳೆದರೆ ಮೇಲಿನ ಹಿತ್ತಾಳೆ ಕೊಳವೆಗೆ ಉಗಿ ನುಗ್ಗಿ, ಊರಾಚೆಯ ಹೊಲಗಳವರೆಗೂ ಕೂಗು ಹೋಗುತ್ತಿತ್ತು. ಬೆಳಗಿನ ಪಾಳಿಗೆ ಒಂದು ಕೂಗು, ಊಟಕ್ಕೊಂದು, ಸಂಜೆ ಬಿಡುವಾಗ ಒಂದು. ಮೀಸೆ ಮೂಡುವ ವಯಸ್ಸಿನಲ್ಲಿ ಆ ಸರಪಳಿ ಹಿಡಿದ ಮನುಷ್ಯ, ತಲೆ ನರೆತರೂ ಬಿಟ್ಟಿರಲಿಲ್ಲ. ಅದೇ ಕೋಣೆಯಲ್ಲಿ ಒಲೆಗೆ ಕಲ್ಲಿದ್ದಲು ಸುರಿಯುವವನು ನಾನು. ಹಾಗಾಗಿ ಇದು ಯಾರೋ ಹೇಳಿ ಕೇಳಿದ್ದಲ್ಲ.

ಮನೆಯಲ್ಲಿ ಗಡಿಯಾರ ಇದ್ದವರೂ ಅದನ್ನು ಭಾವನ ಕೂಗಿಗೇ ಸರಿಮಾಡಿಕೊಳ್ಳುತ್ತಿದ್ದರು. ಅವರು ಕೂಗಿದರೆ ಹಾಲಿನವಳು ಬಿಂದಿಗೆ ಎತ್ತುತ್ತಿದ್ದಳು, ಶಾಲೆಯ ಮೇಷ್ಟ್ರು ಕೆನ್ನೆಗೆ ಸೋಪು ಹಚ್ಚುತ್ತಿದ್ದರು, ಮೂಲೆಮನೆಯ ಅತ್ತೆ ಸೊಸೆ ಅವತ್ತಿನ ಜಗಳ ಶುರು ಮಾಡುತ್ತಿದ್ದರು.

ಆ ಕಾಲಕ್ಕೆ ಅಕ್ಕಪಕ್ಕದ ದೇಶಗಳು ಹೊಡೆದಾಡಲು ಶುರುಮಾಡಿ ವರ್ಷಗಳೇ ಕಳೆದಿದ್ದವು. ನಮ್ಮ ದೇಶ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಇಣುಕುತ್ತಿತ್ತು. ಚಹಾದಂಗಡಿಯಲ್ಲಿ ದಿನವೂ ಅದೇ ಮಾತು.

"ಅವರ ಜಗಳ ಅವರಿಗೆ. ನಮಗ್ಯಾಕೆ ಊರ ಉಸಾಬರಿ?" ಎನ್ನುತ್ತಿದ್ದರು ಭಾವ.

"ಪಕ್ಕದ ಮನೆಗೆ ಬೆಂಕಿ ಬಿದ್ರೆ ಚಳಿ ಕಾಯಿಸ್ಕೊಂಡು ಕೂರ್ತೀಯಾ ಹುಂಜಣ್ಣ?" ಎಂದು ಅಂಗಡಿಯವನು ಕೆಣಕುತ್ತಿದ್ದ.

"ನೀರು ಕೊಡ್ತೀನಪ್ಪ. ಕತ್ತಿ ಕೊಡು ಅಂದ್ರೆ ಕೊಡಲ್ಲ."

ದೇಶ ಆಳುವ ದೊಡ್ಡವರ ಸಭೆಯಲ್ಲೂ ಮಾತು ಹೆಚ್ಚುಕಮ್ಮಿ ಹೀಗೇ ಇದ್ದಿರಬೇಕು. ಬೇಡ ಬೇಡ ಅನ್ನುತ್ತಲೇ ಇದ್ದರು. ಆಮೇಲೆ ನಮ್ಮ ಸರಕಿನ ಹಡಗುಗಳು ಒಂದರ ಹಿಂದೊಂದು ಮುಳುಗಿದವು. ಒಂದರಲ್ಲಿ ನಮ್ಮ ಗಿರಣಿಯ ಹಾಸುಬಟ್ಟೆಯೇ ಇತ್ತು, ಜೊತೆಗೆ ಕೆಳಗಿನ ಬೀದಿಯ ಇಬ್ಬರು ಖಲಾಸಿಗಳೂ ಇದ್ದರು. ಯುದ್ಧಕ್ಕಿಳಿದಿದ್ದೇವೆ ಎಂದು ರೇಡಿಯೋ ಹೇಳಿದ ದಿನ ಚಹಾದಂಗಡಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಭಾವ ಲೋಟದ ತಳದಲ್ಲಿದ್ದ ಚಹಾ ಕುಡಿದು ಮುಗಿಸಿ, "ಸರಿ, ತಲೆ ಮೇಲೆ ಬಿತ್ತು. ಇನ್ನು ಹೊರಬೇಕು" ಅಂದರು. ಆಮೇಲೆ ಆ ವಿಷಯಕ್ಕೆ ವಾದ ಮಾಡಿದವರಲ್ಲ.

ನೋಡನೋಡುತ್ತ ಊರಿನ ಚಹರೆಯೇ ಬದಲಾಯಿತು. ಹೂವಿನ ಅಂಚಿನ ಹಾಸುಬಟ್ಟೆ ನೇಯುತ್ತಿದ್ದ ಮಗ್ಗಗಳಲ್ಲಿ ಖಾಕಿ ಇಳಿಯತೊಡಗಿತು. ಹುಡುಗರು ರೈಲು ಹತ್ತಿದರು. ಅವರ ಅಮ್ಮಂದಿರು, ಅಕ್ಕಂದಿರು, ಹೆಂಡಂದಿರು ಸೆರಗು ಸಿಕ್ಕಿಸಿಕೊಂಡು ಮಗ್ಗದ ಮುಂದೆ ನಿಂತರು. ಕಿಟಕಿ ಗಾಜಿಗೆಲ್ಲ ಕಾಗದದ ಪಟ್ಟಿ, ಬೀದಿ ದೀಪಕ್ಕೆ ಕಪ್ಪು ಬಣ್ಣ, ಪ್ರತಿ ಬಾಗಿಲಿಗೂ ಒಂದು ಬಕೆಟ್ ಮರಳು.

ಕೊನೆಗೆ ಬೂಟು ಟಕಟಕ ಅನ್ನಿಸುತ್ತ ರಕ್ಷಣಾಧಿಕಾರಿ ಬಾಯ್ಲರ್ ಮನೆಗೂ ಬಂದ. ಗೋಡೆಗೆ ಒಂದು ಫೋನ್ ಹೊಡೆಸಿದ.

"ನಾಳೆಯಿಂದ ಈ ಕೂಗು ವಿಮಾನ ದಾಳಿಗೆ ಮಾತ್ರ. ಫೋನ್ ಬಂದ್ರೆ ಎಳೀಬೇಕು. ಪಾಳಿಗೂ ಇಲ್ಲ, ಊಟಕ್ಕೂ ಇಲ್ಲ. ತಿಳೀತಾ?"

"ತಿಳೀತು ಸಾರ್" ಅಂದರು ಭಾವ.

ಗೇಟಿನ ಹತ್ತಿರ ಜನರನ್ನು ಸೇರಿಸಿ, ಕೂಗು ಕೇಳಿದ ಕೂಡಲೇ ಗೋದಾಮಿನ ನೆಲಮಾಳಿಗೆಗೆ ಓಡಬೇಕು, ಅಲ್ಲಿ ಎಲ್ಲವೂ ಸಿದ್ಧವಾಗಿದೆ ಎಂದು ಭಾಷಣವನ್ನೂ ಬಿಗಿದು ಹೋದ.

ಮರುದಿನ ಬೆಳಿಗ್ಗೆ ಭಾವ ಎಂದಿನಂತೆ ಬಂದರು. ಅಂಗಿಯ ಗುಂಡಿ ಕಿತ್ತುಹೋಗಿದೆ, ಹೊಲಿದುಕೊಡು ಅಂದರೆ ನಿನ್ನಕ್ಕ ನನ್ನ ಮೇಲೇ ರೇಗಿದಳು ಎಂದು ದೂರು ಹೇಳುತ್ತ ಸರಪಳಿಯ ಕೆಳಗೆ ನಿಂತರು. ಮಾತು ಬಾಯಲ್ಲಿದ್ದ ಹಾಗೇ ಬಲಗೈ ಮೇಲೆ ಹೋಯಿತು, ಎಳೆಯಿತು.

"ಭಾವಾ!" ಎಂದು ಕಿರುಚಿ ಸನಿಕೆ ಎಸೆದು ಹಾರಿದೆ. ಅಷ್ಟರಲ್ಲಿ ಕೂಗು ಊರು ದಾಟಿಯಾಗಿತ್ತು. ಭಾವ ತಮ್ಮ ಕೈಯನ್ನೇ ನೋಡುತ್ತ ನಿಂತಿದ್ದರು, ಬೇರೆ ಯಾರದೋ ಕೈಯೇನೋ ಎಂಬಂತೆ.

ನಾನು ಹೊರಗೋಡಿದೆ. ಇಡೀ ಊರು ಗೋದಾಮಿನ ಕಡೆ ಓಡುತ್ತಿತ್ತು. ಹಾಲಿನವಳ ಬಿಂದಿಗೆ ತುಳುಕುತ್ತಿತ್ತು, ಮೇಷ್ಟ್ರ ಅರ್ಧ ಮುಖ ಬೋಳು, ಅರ್ಧ ನೊರೆ. ನನ್ನ ಅಕ್ಕನ ಕೈಯಲ್ಲಿ ಬಾಣಲೆ. ಮೂಲೆಮನೆಯ ಸೊಸೆ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡಿದ್ದಳು; ಅತ್ತೆ ಅಲ್ಲಿಂದಲೇ "ನೆಟ್ಟಗೆ ಓಡೇ" ಎಂದು ಬೈಯುತ್ತಿದ್ದಳು. ಎಲ್ಲರೂ ನೆಲಮಾಳಿಗೆಯ ಬಾಗಿಲಿಗೆ ಬಂದು ಡಿಕ್ಕಿ ಹೊಡೆದು ನಿಂತರು. ಬಾಗಿಲಿಗೆ ಮುಷ್ಟಿಗಾತ್ರದ ಬೀಗ. ಕೀಲಿ ಇದ್ದದ್ದು ಗೋದಾಮಿನ ಮೇಸ್ತ್ರಿಯ ಹತ್ತಿರ. ಆ ಪುಣ್ಯಾತ್ಮನ ಮನೆ ಸೇತುವೆಯ ಆಚೆ, ಅವನು ಕೂಗು ಕೇಳಿದ ಕೂಡಲೇ ಮಂಚದ ಕೆಳಗೆ ತೂರಿಕೊಂಡಿದ್ದ.

"ವಿಮಾನ ಇಲ್ಲ, ಏನೂ ಇಲ್ಲ! ಭಾವ ಮರೆತು ಎಳೆದ್ರು!" ಎಂದು ಗಂಟಲು ಹರಿದುಕೊಂಡೆ.

ಆಮೇಲೆ ಮೇಷ್ಟ್ರ ಮುಖ ನೋಡಿ ಒಬ್ಬಳು ನಕ್ಕಳು. ನಗು ಊರಿಗೆಲ್ಲ ಹಬ್ಬಿತು. ನಗದವರು ಒಬ್ಬರೇ. ಭಾವ ಬಾಯ್ಲರ್ ಮನೆಯ ಹೊಸ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. "ಸರಪಳಿ ಕಿತ್ಕೊಳ್ತಾರೆ ಕಣೋ" ಅಂದರು. "ನನಗೆ ಬೇರೆ ಏನು ಬರುತ್ತೆ ಹೇಳು? ಮಗ್ಗ ಬರಲ್ಲ, ಬಂದೂಕು ಬರಲ್ಲ."

ಹಾಗೇ ಆಗುವುದರಲ್ಲಿತ್ತು. ಬಿಸಿಲೇರುವ ಹೊತ್ತಿಗೆ ಅಧಿಕಾರಿ ಜೀಪಿನಲ್ಲಿ ಬಂದಿಳಿದ. ಗೇಟಿನ ಮುಂದೆ, ಎಲ್ಲರೆದುರೇ, "ಈ ಮುದುಕನ್ನ ಮನೆಗೆ ಕಳ್ಸಿ. ನಾನು ಒಬ್ಬ ಸೈನಿಕನ್ನ ಹಾಕ್ತೀನಿ" ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಸೈನಿಕ ಇಲ್ಲಿ ಸರಪಳಿ ಹಿಡ್ಕೊಂಡು ನಿಂತ್ರೆ ಅಲ್ಲಿ ಕೋವಿ ಹಿಡಿಯೋರ್ಯಾರು? ನಿಮ್ಮ ತಾತನಾ?"

ಭಾವ ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ಅಧಿಕಾರಿ ಕೆಂಪಾದ. ಅವನು ಬಾಯಿ ತೆರೆಯುವ ಮೊದಲು ಹಾಲಿನವಳು ಮುಂದೆ ಬಂದಳು.

"ಸಾರ್, ಎಲ್ಲಾ ಸಿದ್ಧ ಅಂದಿದ್ರಲ್ಲ, ಆ ಬೀಗ ಹಾಕ್ಸಿದ್ಯಾರು?"

"ಒಳಗೆ ಕಂಬಳಿ ಇಟ್ಟಿದೀವಿ. ಕಳ್ಳತನ ಆಗ್ಬಾರ್ದು ಅಂತ..."

"ಇವತ್ತು ನಿಜವಾಗ್ಲೂ ವಿಮಾನ ಬಂದಿದ್ರೆ? ಕಂಬಳಿ ಉಳೀತಿತ್ತು, ನಾವು ಬಾಗಿಲ ಮುಂದೆ ಸಾಲಾಗಿ ಮಲಗಿರ್ತಿದ್ವಿ."

ಜನ ಗುಜುಗುಜು ಅಂದರು. ಅಧಿಕಾರಿ ಕೆಟ್ಟವನಲ್ಲ, ವಯಸ್ಸು ಚಿಕ್ಕದು ಅಷ್ಟೆ. ಟೋಪಿ ತೆಗೆದು ಬೆವರು ಒರೆಸಿಕೊಂಡ. ಮೇಸ್ತ್ರಿಯನ್ನು ಕರೆಸಿ ಬೀಗ ಬಿಚ್ಚಿಸಿದ. ಆಮೇಲೆ ಭಾವನ ಕಡೆ ತಿರುಗಿ, "ಇನ್ನೊಂದ್ಸಲ ಹೀಗಾಗಲ್ಲ ಅಂತ ಮಾತು ಕೊಡ್ತೀರಾ? ಕೊಟ್ರೆ ಇಲ್ಲೇ ಇರಿ" ಎಂದ.

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಕಣ್ಣಲ್ಲೇ ಹೇಳಿದೆ, ಹೂಂ ಅನ್ನಿ ಎಂದು.

"ಸುಳ್ಳು ಹೇಳಲಾರೆ ಸಾರ್" ಅಂದರು ನಮ್ಮ ಭಾವ. "ಊಟದ ಹೊತ್ತು, ಸಂಜೆ ಹೊತ್ತು ತಡ್ಕೊಳ್ತೀನಿ. ಬೆಳಗ್ಗೆ ಮಾತ್ರ ಈ ಕೈ ನನ್ನ ಮಾತು ಕೇಳಲ್ಲ."

ಅವರ ತಲೆಯನ್ನು ಗೋಡೆಗೆ ಚಚ್ಚಬೇಕು ಅನ್ನಿಸಿತು ನನಗೆ. ಅಷ್ಟರಲ್ಲಿ ಅಕ್ಕ ನುಗ್ಗಿ ಬಂದಳು.

"ರೀ, ನೀವು ಸ್ವಲ್ಪ ಸುಮ್ನಿರಿ. ಸಾರ್, ಬೆಳಗಿನ ಹೊತ್ತು ಸರಪಳಿ ಹತ್ರ ನಾನು ಕೂರ್ತೀನಿ. ಇವರ ಕೈಗೆ ಒಂದು ಗಂಟೆ ಕೊಟ್ಟು ಬೀದಿಗೆ ಅಟ್ಟಿ. ಕೈಗೂ ಕೆಲಸ ಸಿಗುತ್ತೆ, ಪಾಳಿಗೆ ಜನಾನೂ ಏಳ್ತಾರೆ."

"ಗಂಟೆ ಶಾಲೇದಿದೆ, ನಾನ್ ಕೊಡ್ತೀನಿ" ಎಂದರು ಮೇಷ್ಟ್ರು.

ಅಧಿಕಾರಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಮಗೆ ಸರಪಳಿ ಎಳೆಯೋಕೆ ಬರುತ್ತಾಮ್ಮ?"

"ಮದುವೆ ಆದಾಗಿಂದ ಇವರನ್ನೇ ಎಳ್ಕೊಂಡು ಬಂದಿದೀನಿ. ಸರಪಳಿ ಯಾವ ಲೆಕ್ಕ ಬಿಡಿ."

ಗೇಟಿನವನೂ ನಕ್ಕುಬಿಟ್ಟ. ಅಧಿಕಾರಿಯೂ ನಕ್ಕ. ಹಾಗೇ ನಡೆಯಲಿ ಎಂದ.

ಹೀಗೆ ನಮ್ಮ ಮನೆಯಿಂದ ಯುದ್ಧಕ್ಕೆ ಇಬ್ಬರು ಸೇರಿದರು. ಭಾವ ಮೊದಲ ದಿನ ಗಂಟೆಯನ್ನು ಸೆರೆಸಿಕ್ಕವರ ಹಾಗೆ ಹಿಡಿದು ಹೊರಟರು. ಅವರು ಊರನ್ನು ಎಬ್ಬಿಸಿದ್ದು ಅಷ್ಟು ವರ್ಷ, ಏಳುವ ಒಂದು ಮುಖವನ್ನೂ ಕಂಡವರಲ್ಲ. ಈಗ ಬಾಗಿಲು ಬಾಗಿಲಲ್ಲೂ ಮುಖಗಳು. ಗಂಡನನ್ನು ಕಳಿಸಿ ಒಂಟಿಯಾಗಿದ್ದ ಹೆಂಗಸರು, "ಹುಂಜಣ್ಣ, ನಮ್ಮ ಕಿಟಕಿ ಒಂದ್ಸಲ ಬಡಿದು ಹೋಗು" ಅನ್ನುತ್ತಿದ್ದರು. ಬಡಿಯುತ್ತಿದ್ದರು. ಯಾರ ಮಗುವಿಗೆ ಹಲ್ಲು ಬಂತು, ಯಾರ ತಮ್ಮ ಗಾಯವಿಲ್ಲದೆ ಇದ್ದಾನೆ, ಯಾರ ಮನೆಯ ಮುಂದೆ ಇವತ್ತು ಗಂಟೆ ಬಾರಿಸದೆ ಮೆಲ್ಲಗೆ ದಾಟಬೇಕು, ಎಲ್ಲ ಅವರಿಗೆ ಗೊತ್ತಾಗುತ್ತಿತ್ತು. ಸುತ್ತು ಮುಗಿಸಿ ಬಾಯ್ಲರ್ ಮನೆಗೆ ಬಂದರೆ ಬಾಯಿ ತುಂಬ ಸುದ್ದಿ, ಹೊಟ್ಟೆ ತುಂಬ ಅವರಿವರ ಮನೆಯ ಚಹಾ.

"ಊರು ಸುತ್ತೋಕೇ ಹುಟ್ಟಿದ್ರು ನಿನ್ನ ಭಾವ. ಇಷ್ಟು ವರ್ಷ ಕಟ್ಟಿ ಹಾಕಿದ್ವಿ" ಎಂದು ಅಕ್ಕ ನನ್ನ ಹತ್ತಿರ ಗೊಣಗಿದಳು. ಗೊಣಗುವಾಗ ಮುಖದಲ್ಲಿ ನಗುವಿತ್ತು.

ಫೋನು ನಿಜವಾಗಿ ಬಡಿದುಕೊಂಡದ್ದೂ ಉಂಟು, ಆದರೆ ಎಲ್ಲವೂ ಹಗಲಲ್ಲಿ, ಭಾವನ ಸರದಿಯಲ್ಲೇ. ಅವರು ಎಳೆದರು, ಜನ ಓಡಿದರು, ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಇಟ್ಟಿಗೆ ಗೂಡಿನ ಹಿಂದಿನ ಬಯಲಲ್ಲಿ ದೊಡ್ಡ ಗುಂಡಿ ಬಿತ್ತೇ ಹೊರತು ಊರಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ತನಗೆ ಒಂದು ಸಲವೂ ಎಳೆಯಲು ಸಿಗಲಿಲ್ಲವಲ್ಲ ಎಂಬ ಕೊರಗು ಅಕ್ಕನಿಗೆ.

ಯುದ್ಧ ಮುಗಿಯಿತು. ಕೂಗು ಮತ್ತೆ ಪಾಳಿಗೇ ಎಂದಾಯಿತು. ಮ್ಯಾನೇಜರು ಭಾವನನ್ನು ಕರೆದು, "ಬೆಳಗಿನದ್ದೂ ಇನ್ನು ನಿಮ್ಮದೇ" ಎಂದರು.

"ಅದು ಹೇಗಾಗುತ್ತೆ?" ಎಂದಳು ಅಕ್ಕ. "ಇಷ್ಟು ದಿನ ಕೂತು ಕಾದೋಳು ನಾನು. ಬೆಳಗಿನ ಕೂಗು ನಾನು ಬಿಡಲ್ಲ."

ಭಾವ ತಕರಾರು ಮಾಡಲಿಲ್ಲ. ಗಂಟೆಯನ್ನು ಮೇಷ್ಟ್ರಿಗೆ ಒಪ್ಪಿಸಿ ಬಂದು ಮಲಗಿದರು. ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ. ಮರುದಿನ ನನಗೆ ಮಧ್ಯಾಹ್ನದ ಪಾಳಿ, ನಾನೂ ಮನೆಯಲ್ಲೇ ಇದ್ದೆ. ಬೆಳಕು ಹರಿಯುವ ಹೊತ್ತಿಗೆ ಅಕ್ಕ ಸರಪಳಿ ಎಳೆದಳು. ಗೋಡೆಯಾಚೆ ಧಡ್ ಎಂದು ಏನೋ ಬಿದ್ದ ಸದ್ದು. ಓಡಿಹೋದರೆ ಭಾವ ಮಂಚದಿಂದ ಕೆಳಗಿದ್ದಾರೆ, ಕಂಬಳಿ ಕಾಲಿಗೆ ಸುತ್ತಿಕೊಂಡಿದೆ, ಎರಡೂ ಕಿವಿ ಮುಚ್ಚಿಕೊಂಡಿದ್ದಾರೆ.

"ಏನೋ ಇದು! ಇಷ್ಟು ಜೋರಾ?"

"ಇಷ್ಟೇ ಜೋರು ಭಾವ, ಯಾವಾಗ್ಲೂ."

"ಒಳಗೆ ಒಲೆ ಸದ್ದಲ್ಲಿ ಗೊತ್ತೇ ಆಗ್ತಿರ್ಲಿಲ್ವಲ್ಲೋ. ಈ ಜನ ನನ್ನನ್ನ ಹೇಗೆ ಜೀವಸಹಿತ ಬಿಟ್ರು?"

ಕೂಗು ನಿಲ್ಲುವವರೆಗೂ ಕೂತು ಕೇಳಿದರು. "ನಿನ್ನಕ್ಕ ಬೇಕಂತಲೇ ಜಾಸ್ತಿ ಹೊತ್ತು ಎಳೀತಿದಾಳೆ" ಎಂದು ಕಂಬಳಿ ಜಾಡಿಸಿ, ಮಂಚ ಹತ್ತಿ, ತಲೆಯವರೆಗೂ ಹೊದ್ದುಕೊಂಡರು.