ಎಣ್ಣೆ ಕುಡಿದ ಹೊಟ್ಟು

ಯಾವ ಬಾಗಿಲಿಗೆ ಬಂದರೂ ಅವರು ಗೋಡೆಗೆ ಒಂದು ಕೈ ಕೊಟ್ಟು, ಒಂದು ಕಾಲೆತ್ತಿ, ಬೂಟಿನ ಅಡಿಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಇನ್ನೊಂದು ಕಾಲು. ಹಣೆಯ ಮೇಲೆ ವಿಭೂತಿ, ಅದರ ಮೇಲೆ ಹಳದಿ ಹೆಲ್ಮೆಟ್ಟು, ಸೀರೆಯ ನೆರಿಗೆಯ ಕೆಳಗೆ ದಪ್ಪನೆಯ ಕಪ್ಪು ಬೂಟು. ಐವತ್ತು ದಾಟಿದ ಹೆಂಗಸು ಹೀಗೆ ಒಂಟಿ ಕಾಲಲ್ಲಿ ನಿಂತರೆ ಯಾರು ಸುಮ್ಮನಿರುತ್ತಾರೆ? ಕಾರ್ಖಾನೆಯ ಹುಡುಗರು ಅವರಿಗೆ ಕೊಕ್ಕರೆ ಮೇಡಂ ಎಂದು ಹೆಸರಿಟ್ಟಿದ್ದರು. ಎದುರಿಗೆ ಸೇಫ್ಟಿ ಮೇಡಂ, ಹಿಂದೆ ಕೊಕ್ಕರೆ ಮೇಡಂ.

ಒಮ್ಮೆ ಬಳ್ಳಾರಿಯ ಮದುವೆ ಛತ್ರವೊಂದರ ಬಾಗಿಲಲ್ಲೂ ಅವರು ಹೀಗೆ ನಿಂತಿದ್ದನ್ನು ಕಂಡೆ. ರೇಷ್ಮೆ ಸೀರೆ, ಹೊಸ ಚಪ್ಪಲಿ, ಹಿಂದೆ ಉಡುಗೊರೆ ಹಿಡಿದು ಕಾಯುತ್ತಿದ್ದ ಜನ. "ಮೇಡಂ, ಇಲ್ಲೆಲ್ಲಿ ಎಣ್ಣಿ ಐತ್ರಿ?" ಎಂದು ಕಾಲೆಳೆದೆ. "ಬಡಿಸೋರು ಅಡಿಗಿಮನಿಯಿಂದ ಇದ ಬಾಗಿಲದಾಗ ಓಡ್ಯಾಡ್ತಾರಪ. ಹಪ್ಪಳ ಕರಿದ ಎಣ್ಣಿ ನೆಲಕ್ಕ ಬಿದ್ದಿರಂಗಿಲ್ಲೇನು?" ಎಂದರು. ನಗಲಿಲ್ಲ. ಅವರಿಗೆ ಅದು ನಗುವ ವಿಷಯವೇ ಆಗಿರಲಿಲ್ಲ.

ನಮ್ಮದು ಸಿರುಗುಪ್ಪದ ಹೊರಗಿರುವ ತೌಡಿನ ಎಣ್ಣೆಯ ಕಾರ್ಖಾನೆ. ಸುತ್ತಲಿನ ಅಕ್ಕಿ ಮಿಲ್ಲುಗಳಿಂದ ತೌಡು ಬರುತ್ತದೆ, ಭತ್ತದ ಹೊಟ್ಟೂ ಬರುತ್ತದೆ. ತೌಡಿನಿಂದ ಎಣ್ಣೆ ತೆಗೆಯುತ್ತೇವೆ, ಹೊಟ್ಟನ್ನು ಬಾಯ್ಲರಿಗೆ ಹಾಕಿ ಉರಿಸುತ್ತೇವೆ. ನಾನು ಲ್ಯಾಬಿನಲ್ಲಿ ಎಣ್ಣೆ ಪರೀಕ್ಷೆ ಮಾಡುವವನು. ನಮ್ಮಕ್ಕ ಪ್ಯಾಕಿಂಗಿನಲ್ಲಿ. ಪಕ್ಕದ ಕರೂರಿನಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತೇವೆ. ಅವ್ವ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಇವತ್ತಿಗೂ ಬಸ್ಸಿನಲ್ಲಿ ಎಲ್ಲರೆದುರು ನನ್ನ ಅಂಗಿಯ ಗುಂಡಿ ಸರಿಮಾಡುತ್ತಾಳೆ.

ಮೇಡಂ ಬರುತ್ತಿದ್ದದ್ದು ಕುರುಗೋಡಿನಿಂದ. ಮದುವೆಯಾಗಿರಲಿಲ್ಲ, ತಾಯಿ ಮತ್ತು ತಮ್ಮನ ಸಂಸಾರದ ಜೊತೆ ಇದ್ದರು. ನಮ್ಮಲ್ಲಿಗೆ ಬರುವ ಮೊದಲು ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಒಗೆಯುವ ಘಟಕದಲ್ಲಿ ಕೆಲಸ ಮಾಡಿದ್ದರು. ಅಲ್ಲಿಯ ಸುದ್ದಿಯನ್ನು ಒಮ್ಮೆ ಮಾತ್ರ ಹೇಳಿದರು. ಮಷೀನಿನಿಂದ ಸೋರಿದ ಎಣ್ಣೆಯ ಮೇಲೆ ಕಾಲಿಟ್ಟ ಹುಡುಗಿಯೊಬ್ಬಳು ಜಾರಿ, ಆಸರೆಗೆಂದು ಕುದಿಯುವ ನೀರಿನ ತೊಟ್ಟಿಗೆ ಕೈ ಊರಿದ್ದಳಂತೆ. "ಒಂದು ಅಂಗೈಯಷ್ಟ ಎಣ್ಣಿ ಇತ್ತು. ನಾವೆಲ್ಲಾ ಮುಂಜಾನಿಂದ ಅದನ್ನ ದಾಟಿಕೊಂಡ ಓಡ್ಯಾಡಿದ್ವಿ" ಎಂದರು.

ಎಣ್ಣೆ ಚೆಲ್ಲಿದರೆ ಏನು ಮಾಡಬೇಕೆಂದು ಅವರು ಹೇಳಿಕೊಡುತ್ತಿದ್ದದ್ದು ಮೂರೇ ಮಾತು. "ಮೊದಲು ನೀ ನಿಲ್ಲು. ಆಮ್ಯಾಲ ಎಣ್ಣಿ ನಿಲ್ಲಿಸು. ಆಮ್ಯಾಲ ಒರಸು." ನಮ್ಮ ಪದ್ಧತಿ ಪೂರಾ ಉಲ್ಟಾ. ಕೂಗುವುದು, ಓಡುವುದು, ಬುಟ್ಟಿಗಟ್ಟಲೆ ಹೊಟ್ಟು ಸುರಿದು ಗುಡಿಸುವುದು. ಹೊಟ್ಟಿಗೆ ಅವರ ತಕರಾರು ಇರಲಿಲ್ಲ, ಅದು ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಜಗಳ ಇದ್ದದ್ದು ಎಣ್ಣೆ ಕುಡಿದ ಆ ಹೊಟ್ಟು ಎಲ್ಲಿಗೆ ಹೋಗಬೇಕು ಎಂಬುದರಲ್ಲಿ. ಮುಚ್ಚಳವಿದ್ದ ಕಬ್ಬಿಣದ ಡ್ರಮ್ಮಿಗೆ ಹೋಗಬೇಕು ಎಂದು ಅವರು. ಬಾಯ್ಲರ್ ಪಕ್ಕದ ರಾಶಿಗೆ ಹೋಗಲಿ ಎಂದು ನಾವು.

"ಹೆಂಗಿದ್ರೂ ಸುಡೋ ಮಾಲಲ್ಲೇನ್ರಿ ಮೇಡಂ? ಎಣ್ಣಿ ಹತ್ತಿದ್ರ ಇನ್ನಾ ಚಲೋ ಉರೀತೈತಿ" ಎಂದು ಅಕ್ಕ ಎಲ್ಲರೆದುರು ಕೇಳಿದ್ದಳು. ಭತ್ತದ ಸೀಮೆಯ ಹೆಣ್ಣುಮಗಳು, ಒಂದು ಹಿಡಿ ಹೊಟ್ಟನ್ನೂ ಎಸೆದು ಗೊತ್ತಿಲ್ಲದವಳು. ಎಲ್ಲರೂ ತಲೆದೂಗಿದರು.

"ಬಾಯ್ಲರಿನಾಗ ಉರೀಲೆವ್ವ, ಬ್ಯಾಡ ಅಂದೋರ್ಯಾರು? ರಾಶಿಯೊಳಗ ಸೇರಿದ್ರ ಬೆಂಕಿ ಹಚ್ಚೋರು ಬೇಕಾಗಂಗಿಲ್ಲ. ತನ್ನಷ್ಟಕ್ಕ ತಾನ ಕಾದು ಹೊತ್ತಿಕೊಂತೈತಿ. ನೀವು ಅದರ ಬುಡಕ ಮಲಗೋರು" ಎಂದರು ಮೇಡಂ.

ಅದು ನಿಜ. ತಗಡಿನ ಚಪ್ಪರದ ಕೆಳಗೆ ಮನೆಯೆತ್ತರ ಬಿದ್ದಿದ್ದ ಹೊಟ್ಟಿನ ರಾಶಿಯ ಹಿಂಬದಿ ಒಳ್ಳೆಯ ನೆರಳು. ಕಾಲುವೆಯ ಕಡೆಯಿಂದ ತಣ್ಣನೆಯ ಗಾಳಿ. ಪ್ಯಾಕಿಂಗಿನ ಹೆಣ್ಣುಮಕ್ಕಳು ಬುತ್ತಿ ಉಂಡು ಅಲ್ಲೇ ಅಡ್ಡಾಗುತ್ತಿದ್ದರು. ಮೇಡಂ ಅಲ್ಲಿ ಮಲಗಬಾರದು ಎಂದು ಬೋರ್ಡು ಹಾಕಿಸಿದರು. ಇವರು ಆ ಬೋರ್ಡಿಗೆ ಒದ್ದೆ ಟವೆಲ್ ಒಣಹಾಕಿದರು. ಮೇಡಂ ಗೇಟಿನ ಹತ್ತಿರ ಬೇರೆ ತಗಡಿನ ಚಪ್ಪರ ಕಟ್ಟಿಸಿದರೆ, "ಆಕಿಗೇನ, ಫ್ಯಾನಿನ ಕೆಳಗ ಕುಂದರಾಕಿ. ಆ ತಗಡಿನ ಕೆಳಗ ರೊಟ್ಟಿ ಬೇಯಿಸಬೌದು" ಎಂದು ಅಕ್ಕ ಬೈದಳು. ಮೇಡಂ ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ.

ಆ ಬೇಸಿಗೆಯ ಒಂದು ಬೆಳಿಗ್ಗೆ ಟ್ಯಾಂಕರಿಗೆ ಎಣ್ಣೆ ತುಂಬುವಾಗ ಪೈಪು ಕಳಚಿಕೊಂಡಿತು. ಬಿಸಿ ಆರದ ಎಣ್ಣೆ ಅಂಗಳದ ತುಂಬ ಹರಡುತ್ತ ಚರಂಡಿಯ ದಾರಿ ಹಿಡಿಯಿತು. ಆ ಚರಂಡಿ ಕಾಲುವೆ ಸೇರುತ್ತದೆ, ಕಾಲುವೆ ಗದ್ದೆ ಸೇರುತ್ತದೆ. ಎಲ್ಲ ಕಡೆಯಿಂದ ಜನ ಓಡಿ ಬಂದರು.

"ನಿಂತಲ್ಲೇ ನಿಲ್ರಿ!" ಮೇಡಂ ಕೂಗಿದ ಕೂಗಿಗೆ ನನ್ನ ಕಾಲೂ ನಿಂತಿತು.

ಅವರು ಮಾತ್ರ ನಡೆದರು. ಹತ್ತಿರದ ದಾರಿ ಎಣ್ಣೆಯ ಮೇಲಿತ್ತು, ಆದ್ದರಿಂದ ಒಣ ನೆಲ ಹಿಡಿದು ಇಡೀ ಟ್ಯಾಂಕರನ್ನು ಸುತ್ತಿಕೊಂಡು, ಅಂಗಾಲು ಪೂರಾ ಊರಿ, ವಾಲ್ವಿನ ಕಡೆಗೆ. ನೋಡುತ್ತ ನಿಂತವರಿಗೆ ಹುಚ್ಚು ಹಿಡಿಯುವಂಥ ನಡಿಗೆ ಅದು. ಎಣ್ಣೆ ಓಡುತ್ತಿದೆ, ಈಯಮ್ಮ ನಡೆಯುತ್ತಿದ್ದಾರೆ! ವಾಲ್ವು ತಿರುಗಿತು, ಧಾರೆ ನಿಂತಿತು. ಆಮೇಲೆ ಚರಂಡಿಯ ಬಾಯಿಗೆ ಮರಳಿನ ಚೀಲ ಒಟ್ಟಿಸಿದರು. ಒಬ್ಬ ನೀರಿನ ಪೈಪು ಎಳೆದು ತಂದಾಗ, "ನೀರು ಬ್ಯಾಡಪ! ಎಣ್ಣಿ ನೀರಿನ ಮ್ಯಾಲ ಕುಂತು ಸೀದಾ ಕಾಲುವಿಗಿ ಹೊಕ್ಕೈತಿ" ಎಂದು ಗದರಿಸಿದರು. ಹೊಟ್ಟನ್ನು ಅಂಚಿನಿಂದ ಒಳಕ್ಕೆ ಹಾಕುತ್ತ ಬರಬೇಕು, ನಡುವೆ ಯಾರೂ ಕಾಲಿಡಬಾರದು. ಪ್ಯಾಕಿಂಗಿನವರೂ ಬುಟ್ಟಿ ಹಿಡಿದು ಬಂದರು. ಒಬ್ಬರೂ ಜಾರಲಿಲ್ಲ, ಕಾಲುವೆಗೆ ಎಣ್ಣೆ ಹೋಗಲಿಲ್ಲ. ಕೊನೆಗೆ ಸೋಡಾ ಹಾಕಿದ ಬಿಸಿನೀರಲ್ಲಿ ನೆಲ ತಿಕ್ಕಿ, ಎಲ್ಲರ ಚಪ್ಪಲಿಯ ಅಡಿ ನೋಡಿ ಒಬ್ಬೊಬ್ಬರನ್ನೇ ಆಚೆ ಬಿಟ್ಟರು.

ಸಂಜೆ ಡ್ರಮ್ಮುಗಳ ಮುಚ್ಚಳ ತೆಗೆದು ನೋಡಿದ ಮೇಡಂ ಮುಖ ಗಂಟಿಕ್ಕಿದರು. "ಅಷ್ಟು ಹೊಟ್ಟು ಹಾಕೀವಿ. ಇಲ್ಲಿ ಇಷ್ಟ ಐತಿ. ಉಳಿದದ್ದು ಎಲ್ಲಿಗಿ ಹೋತು?" ಎಲ್ಲರೂ ಡ್ರಮ್ಮಿಗೇ ಹಾಕಿದ್ದೇವೆ ಎಂದರು. ಅಕ್ಕನೂ ಎಂದಳು. ಮೇಡಂ ರಾಶಿಯನ್ನು ಸುತ್ತಿ ಬಂದರು. ಮೇಲೆಲ್ಲ ಒಣ ಹೊಟ್ಟು. ಕುರುಗೋಡಿನ ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ಹೋದರು. ಹೋಗುವಾಗಲೂ ತಿರುಗಿ ತಿರುಗಿ ನೋಡುತ್ತಿದ್ದರು.

ಮರುದಿನ ಊಟದ ಹೊತ್ತಿನಲ್ಲಿ ಲ್ಯಾಬಿನ ಬಾಗಿಲಿಗೆ ಬಂದ ಮೇಡಂ ಬೂಟು ನೋಡಿಕೊಳ್ಳಲಿಲ್ಲ. "ಏನಪ, ವಾಸನಿ ಬರ್ತೈತೇನು?" ಎಂದು ಕೇಳಿದರು. ಎಣ್ಣೆ ಕಾರ್ಖಾನೆಯಲ್ಲಿ ದುಡಿಯುವವರ ಮೂಗು ಎಂದೋ ಸತ್ತಿರುತ್ತದೆ. ನನಗೇನೂ ಬರಲಿಲ್ಲ. ಅವರ ಹಿಂದೆ ರಾಶಿಯ ತನಕ ಹೋದಾಗ ಸಣ್ಣಗೆ ಮೂಗಿಗೆ ಬಡಿಯಿತು, ಕರಿದು ಕರಿದು ಕಪ್ಪಾದ ಎಣ್ಣೆಯ ಕಮಟು. ಹೊಗೆ ಇರಲಿಲ್ಲ. ಮೇಡಂ ಉದ್ದನೆಯ ಕಬ್ಬಿಣದ ಸಲಾಕೆಯನ್ನು ರಾಶಿಯೊಳಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, "ಮುಟ್ಟು" ಎಂದರು. ಮುಟ್ಟಿದ ಕೈಯನ್ನು ಹಾಗೆಯೇ ಬಾಯಿಗೆ ಇಟ್ಟುಕೊಂಡೆ.

ಹಿಂಬದಿಯಲ್ಲಿ ಅಕ್ಕ ಮಲಗಿದ್ದಾಳೆ ಎಂಬುದು ಆಗ ನೆನಪಾಯಿತು.

ಐದಾರು ಹೆಣ್ಣುಮಕ್ಕಳು ರಾಶಿಗೆ ತಲೆಕೊಟ್ಟು ಮಲಗಿದ್ದರು. ಮೇಡಂ ಕೂಗದೆ ಒಬ್ಬೊಬ್ಬರ ಭುಜ ತಟ್ಟಿ ಎಬ್ಬಿಸಿದರು. ಉಳಿದವರು ನನ್ನ ಮುಖ ನೋಡಿಯೇ ಎದ್ದು ಹೋದರು. ಅಕ್ಕ ಏಳಲಿಲ್ಲ.

"ಈಗ ಉಂಡೀನ್ರಿ ಮೇಡಂ. ಅರ್ಧ ತಾಸರೆ ಬಿಡ್ರಿ."

"ನಿನ್ನಿ ಇಲ್ಲಿ ಹಾಕಿದ್ರೇನವ್ವ?"

ಅಕ್ಕ ಎದ್ದು ಕುಳಿತಳು. "ಹಾಕಿದ್ವಿ. ಒಣ ಹೊಟ್ಟು ಎಳದು ಮುಚ್ಚಿದ್ವಿ. ಏನಾತ್ರಿ ಈಗ?"

ಮೇಡಂ ಅವಳ ಮುಂಗೈ ಹಿಡಿದು ಎಳೆದರು. ಬಳೆ ಒಡೆದು ರಕ್ತ ಬಂತು. ಅಕ್ಕ ಬೈದ ಬೈಗುಳವನ್ನು ನಾನಿಲ್ಲಿ ಬರೆಯಲಾರೆ. ಅಂಗಳದ ಆಚೆ ಬೇವಿನ ಮರದ ತನಕ ಬೈಸಿಕೊಳ್ಳುತ್ತಲೇ ಎಳೆದು ತಂದು ನಿಲ್ಲಿಸಿದರು. ನಾನು ಅಷ್ಟರಲ್ಲಿ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದ್ದೆ.

ಮ್ಯಾನೇಜರ್ ಸಾಹೇಬರು ಜೆಸಿಬಿ ಜೊತೆಗೇ ಬಂದರು. ರಾಶಿಯನ್ನು ಕೂಡಲೇ ಬಿಚ್ಚಿ ಹರಡಬೇಕೆಂದು ಅವರ ಆತುರ. ಮೇಡಂ ಜೆಸಿಬಿಗೆ ಅಡ್ಡ ನಿಂತರು. "ನೀರು ತಯಾರಾಗದ ಬಿಚ್ಚಬ್ಯಾಡ್ರಿ ಸರ್. ಗಾಳಿ ಹೊಕ್ಕರ ಭಗ್ ಅಂತೈತಿ. ಬಾಯ್ಲರ್ ಬಂದ್ ಮಾಡಸ್ರಿ."

"ಹೊಗೀನ ಇಲ್ಲ, ನೀವು ಬೆಂಕಿ ಅಂತೀರಿ! ಬಾಯ್ಲರ್ ನಿಂತ್ರ ಮ್ಯಾಲಿನೋರಿಗೆ ಯಾರು ಉತ್ತರ ಕೊಡಬೇಕು?"

"ನಾ ಕೊಡ್ತೀನ್ರಿ."

ಜೆಸಿಬಿಯವನು ಇಂಜಿನ್ ಆರಿಸದೆ ಇಬ್ಬರ ಮುಖವನ್ನೂ ನೋಡುತ್ತಿದ್ದ. ನಾವೆಲ್ಲರೂ ಅವರನ್ನೇ ನೋಡುತ್ತಿದ್ದೆವು. ಅದೇ ಸಮಯಕ್ಕೆ ಅಕ್ಕ, "ಅಯ್ಯ, ನನ್ನ ಬುತ್ತಿ ಡಬ್ಬಿ ಅಲ್ಲೇ ಉಳೀತು" ಎನ್ನುತ್ತ ರಾಶಿಯ ಹಿಂಬದಿಗೆ ಹೊರಟಿದ್ದಳು. ನಾನು ಕೂಗಿದೆ. ಇಂಜಿನ್ನಿನ ಸದ್ದಿಗೆ ಅವಳಿಗೆ ಕೇಳಲಿಲ್ಲ.

ಮೇಡಂ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ರಾಶಿಯ ಮೂಲೆಯಲ್ಲಿ ಅಕ್ಕನ ಸೆರಗು ಅವರ ಕೈಗೆ ಸಿಕ್ಕಿತು. ಜಗ್ಗಿದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದರು. ಬಿದ್ದವರು ಏಳುವ ಮೊದಲೇ ರಾಶಿಯ ಹಿಂಬದಿ ಉಸ್ಸೆಂದು ಕುಸಿಯಿತು. ಒಳಗೆಲ್ಲ ಸುಟ್ಟು ಟೊಳ್ಳಾಗಿತ್ತು. ಕೆಂಪು ಕೆಂಡವಾದ ಹೊಟ್ಟು ಜಾರುತ್ತ ಬಂದು ಅವರೆಲ್ಲ ಮಲಗುತ್ತಿದ್ದ ಜಾಗವನ್ನು ತುಂಬಿತು, ಅದರ ಬೆನ್ನಿಗೇ ಜ್ವಾಲೆ ಎದ್ದಿತು. ಆ ಝಳಕ್ಕೆ ಬೇವಿನ ಮರದ ಕೆಳಗಿದ್ದ ನಾವು ಮುಖ ತಿರುಗಿಸಿದೆವು. ನಾನು ಅಕ್ಕನನ್ನು ಎಳೆದೆನೋ, ಮೇಡಂ ಅವರನ್ನು ಎಳೆದೆನೋ, ನೆನಪಿಲ್ಲ. ಬಾಯ್ಲರನ್ನು ನಿಲ್ಲಿಸಿದ್ದು ಮ್ಯಾನೇಜರ್ ಸಾಹೇಬರೇ. ಸಿರುಗುಪ್ಪದಿಂದ ಅಗ್ನಿಶಾಮಕದ ಗಾಡಿ ಬಂತು, ಸಂಜೆಯವರೆಗೂ ನೀರು ಹೊಡೆದರು.

ಆಮೇಲೆ ವಿಚಾರಣೆ. ರಾಶಿಗೆ ಹಾಕಿದವರನ್ನು ಕೆಲಸದಿಂದ ತೆಗೆಯಬೇಕೆಂಬ ಮಾತು ಬಂತು. ಅಕ್ಕ ಆ ವಾರ ಸರಿಯಾಗಿ ಉಣ್ಣಲಿಲ್ಲ. ಮೇಡಂ ಮಾತ್ರ, "ಡ್ರಮ್ಮು ಗೇಟಿನ ಕಡೆ ಇಡಿಸಿದಾಕಿ ನಾನು. ರಾಶಿ ಹತ್ರ, ಡ್ರಮ್ಮು ದೂರ. ಉರಿಬಿಸಲಾಗ ಬುಟ್ಟಿ ಹೊತ್ತು ಅಷ್ಟು ದೂರ ಯಾರು ಹೋಗ್ತಾರ್ರಿ? ತಪ್ಪು ಜಾಗದ್ದು. ಮೊದಲು ಅದನ್ನ ಸರಿಮಾಡೋಣು" ಎಂದರು. ಡ್ರಮ್ಮುಗಳು ಮಷೀನುಗಳ ಹತ್ತಿರಕ್ಕೆ ಬಂದವು. ಗೇಟಿನ ಬಳಿಯ ಚಪ್ಪರಕ್ಕೆ ಫ್ಯಾನು ಬಂತು. ಯಾರ ಕೆಲಸವೂ ಹೋಗಲಿಲ್ಲ.

ಒಂದು ದಿನ ಸಿರುಗುಪ್ಪದ ಪೇಟೆಯಿಂದ ಹಸಿರು ಗಾಜಿನ ಬಳೆ ತಂದು ಅಕ್ಕನ ಮುಂದಿಟ್ಟರು. "ಅಳತಿ ಸರಿ ಐತೇನು ನೋಡು." ಅಕ್ಕ ಒಂದನ್ನು ತೊಡಲು ಹೋಗಿ, "ಸಣ್ಣವು ತಂದೀರಿ. ನನ್ನ ಕೈ ನೋಡಿಲ್ಲೇನು ನೀವು?" ಎಂದು ರೇಗಿದಳು. ಮೇಡಂ ಅವತ್ತು ನಕ್ಕರು. ಅವರಿಬ್ಬರೂ ಕೊನೆಯವರೆಗೆ ಬೈದಾಡುತ್ತಲೇ ಇದ್ದರು. ಅಕ್ಕ ಕೃತಜ್ಞತೆಯ ಮಾತನ್ನು ಒಮ್ಮೆಯೂ ಆಡಲಿಲ್ಲ. ಆದರೆ ಹೊಸದಾಗಿ ಸೇರಿದವರು ಯಾರಾದರೂ ರಾಶಿಯ ಹತ್ತಿರ ಸುಳಿದರೆ ಅವರ ಗತಿ ದೇವರಿಗೇ ಪ್ರೀತಿ.

ಹೋದ ವರ್ಷ ಮೇಡಂಗೆ ಲಿವರಿನ ಕಾಯಿಲೆ ಹಿಡಿಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದರು, ಬದುಕಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಕುರುಗೋಡಿಗೆ ಹೋದೆವು. ಎಲ್ಲ ಮುಗಿದ ಮೇಲೆ ಮನೆಯ ಕಟ್ಟೆಯ ಮೇಲೆ ಅವರ ತಾಯಿ ಕುಳಿತಿದ್ದರು. ಕಣ್ಣು ಮಂಜಾದ ಮುದುಕಿ. "ಫ್ಯಾಕ್ಟರಿಯವರು ಬಂದಾರ" ಎಂದ ಮೇಡಂ ಅವರ ತಮ್ಮ. ಅಕ್ಕ ಮುದುಕಿಯ ಕಾಲ ಬಳಿ ಕುಳಿತು, ತಡೆದು ತಡೆದು, ಆ ದಿನದ ಕಥೆಯನ್ನು ಹೇಳಿದಳು. ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಮಗಳು ಹೇಳಿಯೇ ಇರಲಿಲ್ಲವಂತೆ.

ಮುದುಕಿ ದನಿ ಬಂದ ಕಡೆಗೆ ಮುಖ ತಿರುಗಿಸಿ, "ಅಲ್ಲಿ ಮಲಗಿದ್ದಾಕಿ ನೀನೇನವ್ವ?" ಎಂದು ಕೇಳಿದರು.

"ಹೂನವ್ವ. ನಾನ."

ಅವರು ಕೈ ಚಾಚಿ ಅಕ್ಕನ ಕೈ ಹುಡುಕಿ ಹಿಡಿದರು. ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ, ಆಮೇಲೆ ಕೆನ್ನೆಗೆ, ನಿಧಾನವಾಗಿ ಸವರುತ್ತ ಹೋದರು. ಮಗಳನ್ನು ಮಣ್ಣಿಗಿಟ್ಟು ಇನ್ನೂ ಒಂದು ತಾಸಾಗಿರಲಿಲ್ಲ.

"ಎಲ್ಲೂ ಸುಟ್ಟಿಲ್ಲಲ್ಲ ತಾಯಿ?" ಎಂದರು.

"ಇಲ್ಲವ್ವ" ಎಂದಳು ಅಕ್ಕ. ಆ ಮಡಿಲಲ್ಲಿ ಮುಖವಿಟ್ಟು, ನಮ್ಮವ್ವ ಸತ್ತಾಗಲೂ ಅಳದ ಹಾಗೆ ಅತ್ತಳು.